ಬಂತು ಎನ್ನುವ ತನಕ

ನಮ್ಮ ಊರಿನಲ್ಲಿ ಉಪ್ಪಿಗೆ ರುಚಿ ಬರುವುದು ಹುಲಿಗೆವ್ವ ‘ಬಂತು’ ಅಂದ ಮೇಲೆ. ಗಾಡಿಯಲ್ಲಿ ಉಪ್ಪು ಬರುತ್ತದೆ, ನಾನು ಮೊದಲ ಮನೆಯಿಂದ ಹಿಡಿದು ಅಳೆದು ಕೊಡುತ್ತಾ ಹೋಗುತ್ತೇನೆ. ಅಲ್ಲಿಯವರೆಗೆ ಯಾರು ಎಷ್ಟು ಹಾಕಿಕೊಂಡರೂ ಸಾರು ಸಪ್ಪೆ. ಕೊನೆಯ ಮನೆ ಸುಣ್ಣ ಸುಡುವವರದು. ಅಲ್ಲಿ ಹುಲಿಗೆವ್ವ ಸೆರಗೊಡ್ಡಿ ತನ್ನ ಪಾಲು ಇಸಿದುಕೊಂಡು ‘ಬಂತು’ ಅಂದಳೋ, ಊರ ತುಂಬ ಒಲೆಯ ಮುಂದೆ ಕೂತವರು ಸೌಟು ನೆಕ್ಕಿ ತಲೆಯಾಡಿಸುತ್ತಾರೆ. ಸೋಪೂ ಹಾಗೆಯೇ, ಅವಳು ಅನ್ನುವ ತನಕ ನೊರೆ ಬರುವುದಿಲ್ಲ. ಊಟದ ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವ ತನಕ ಯಾರೂ ತುತ್ತು ಎತ್ತುವುದಿಲ್ಲವಲ್ಲ, ಅಷ್ಟೇ. ಬೇರೆ ಊರಿನವರು ಅದನ್ನು ಊಟಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹೊರಗಿನಿಂದ ಬಂದದ್ದಕ್ಕೆಲ್ಲ ಅದೇ ನಡೆಯುತ್ತದೆ.

ಸಾಲಿನಲ್ಲಿ ಆಡಬೇಕಾದ ಮಾತು ಎರಡೇ. ಪಾಲು ಕೈಸೇರಿದವರು ‘ಬಂತು’ ಅನ್ನಬೇಕು. ಬೇಡವಾದವರು ‘ಸಾಕು’ ಅನ್ನಬೇಕು, ಎಲೆಯ ಮೇಲೆ ಕೈ ಅಡ್ಡ ಹಿಡಿದಂತೆ. ಊರು ಬಿಟ್ಟು ಹೋಗುವವರು ಹಳ್ಳದ ಕಲ್ಲಿನ ಮೇಲೆ ನಿಂತು, ಊರ ಕಡೆ ಮುಖ ಮಾಡಿ ‘ಸಾಕು’ ಅಂದು ಹೋಗುತ್ತಾರೆ. ಆಮೇಲೆ ಅವರನ್ನು ಕಾಯುವ ಹಾಗಿಲ್ಲ. ಸತ್ತವರನ್ನೂ ಕಾಯುವುದಿಲ್ಲ. ಮಾತು ಬಾರದ ಕೂಸುಗಳ ಪರವಾಗಿ ತಾಯಿ ಹೇಳುತ್ತಾಳೆ. ಬಡಿಸುವವರು ಮಾತ್ರ ಸಾಲಿನಲ್ಲಿ ಇಲ್ಲ, ಎಲ್ಲರದೂ ಆದ ಮೇಲೆ ಅವರದು. ಮೂವತ್ತು ವರ್ಷದಿಂದ ಬಡಿಸುತ್ತಿರುವವಳು ನಾನು, ನೀಲಗಂಗವ್ವ. ಊರಿನವರು ಸಾಲಿನಕ್ಕ ಅನ್ನುತ್ತಾರೆ. ಉರಿಯ ಕಾಲದಲ್ಲಿ ಹೊರಗಿನಿಂದ ಬಂದ ಡಾಕ್ಟರು ರಿಯಾಜ್, ನಮ್ಮ ಕಡೆ ಶಾಲೆಗೆ ಸಾಲಿ ಅನ್ನುತ್ತಾರೆಂದು ಕೇಳಿದ್ದರಂತೆ, “ಎಷ್ಟನೇ ಕ್ಲಾಸಿಗೆ ಪಾಠ ಮಾಡ್ತೀರಮ್ಮ?” ಅಂತ ವಿಚಾರಿಸಿದರು. “ಎಲ್ಲಾ ಕ್ಲಾಸಿಗೂ” ಅಂದೆ.

ಹೀಗೆ ಹಗುರವಾಗಿ ಬರೆಯುತ್ತಿದ್ದೇನೆ, ಆದರೆ ನನಗೆ ಹೆದರಿಕೆಯಾಗಿದೆ. ಎಲ್ಲಿ ಕೂತು ಬರೆಯುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಉರಿ ಅಂದರೆ ಜ್ವರ. ಮೊದಲ ದಿನ ಹಣೆ ಬಿಸಿಯಾಗುತ್ತದೆ, ಮೂರನೆಯ ದಿನಕ್ಕೆ ಕಣ್ಣು ಕೆಂಪಾಗುತ್ತವೆ, ಆರನೆಯ ದಿನಕ್ಕೆ ಉಸಿರು ಸಿಕ್ಕುವುದಿಲ್ಲ. ಬೇಸಿಗೆಯ ಶುರುವಿನಲ್ಲಿ ಒಂದೇ ಮನೆಯ ಮೂವರು ಒಂದೇ ವಾರದಲ್ಲಿ ಹೋದರು. ಊರ ಹಿರಿಯ ಅಡಿವೆಪ್ಪಜ್ಜ ಜನರನ್ನು ಕೂಡಿಸಿ, ಹಣೆ ಬಿಸಿಯಾದವರು ಹಳ್ಳದ ಆಚೆಯ ಹಳೆಯ ಭಟ್ಟಿಮನೆಯಲ್ಲಿ ಇರಬೇಕು ಅಂದ. ಹಿಂದೆ ಅಲ್ಲಿ ಸುಣ್ಣ ಸುಡುತ್ತಿದ್ದರು, ಈಗ ಬರಿಯ ತಗಡಿನ ಮಾಡು, ನಾಲ್ಕು ಗೋಡೆ. ಹೋದವರು ವಾಪಸು ಬರಬಾರದು. ಅವರಿಗೆ ದಿನಕ್ಕೊಮ್ಮೆ ಹಳ್ಳದ ಕಲ್ಲಿನ ಮೇಲೆ ಅಂಬಲಿಯ ಕೊಡ ಇಟ್ಟು ಬರುವುದು. ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಆ ವಾರ ನಮಗೆ ಒಬ್ಬರ ಕೆಮ್ಮು ಕೇಳಿದರೆ ಇನ್ನೊಬ್ಬರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ನೆರೆಮನೆಯವರು ಕಿಟಕಿಯಿಂದ ನಮ್ಮ ಮುಖದ ಬಣ್ಣ ನೋಡುತ್ತಿದ್ದರು, ನಾವು ಅವರದು ನೋಡುತ್ತಿದ್ದೆವು.

ಸಾಲಿನ ಹೆಸರುಗಳೆಲ್ಲ ಇರುವ ಪುಸ್ತಕ ನನ್ನ ಹತ್ತಿರ ಇರುತ್ತದೆ. ಒಬ್ಬೊಬ್ಬರು ಆಚೆಗೆ ಹೋದಂತೆ ಅಡಿವೆಪ್ಪಜ್ಜ, “ಹೊಡದ ಹಾಕು ಸಾಲಿನಕ್ಕ, ಹಳ್ಳ ದಾಟಿದ ಮ್ಯಾಲೆ ಊರಿನವರಲ್ಲ” ಅಂದ. ನಾನು ಗೆರೆ ಎಳೆದೆ. ಅವರು ಯಾರೂ ಕಲ್ಲಿನ ಮೇಲೆ ನಿಂತು ‘ಸಾಕು’ ಅಂದಿರಲಿಲ್ಲ. ಹಲವರನ್ನು ಕಂಬಳಿಯಲ್ಲಿ ಹೊತ್ತು ದಾಟಿಸಿದ್ದೆವು. ಅವರ ಬಾಯಿಯ ಮಾತನ್ನು ನನ್ನ ಪೆನ್ನು ಆಡಬಹುದು ಅಂತ ನಾನು ತಿಳಿದೆ. ಮೂವತ್ತು ವರ್ಷ ಈ ಕೆಲಸ ಮಾಡಿದವಳು ಹಾಗೆ ತಿಳಿದೆ. ಒಟ್ಟು ಇಪ್ಪತ್ತೇಳು ಗೆರೆ.

ಇಪ್ಪತ್ತೇಳನೆಯದು ನನ್ನ ತಂಗಿ ಸಾವಂತ್ರಿಯದು. ಗಂಡ ಹೋದ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು, ನನ್ನ ಮಗಳು ಕಸ್ತೂರಿಯನ್ನು ನನಗಿಂತ ಹೆಚ್ಚಾಗಿ ಬೆಳೆಸಿದವಳು ಅವಳೇ. ಕಸ್ತೂರಿ ಈಗ ಬಸುರಿ, ಎಂಟು ತಿಂಗಳು. ಉರಿ ಬಂದ ಬಸುರಿಯರು ಇಬ್ಬರಿದ್ದರು, ಇಬ್ಬರೂ ಉಳಿಯಲಿಲ್ಲ. ಅಂದು ಬೆಳಿಗ್ಗೆ ಸಾವಂತ್ರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಎದ್ದು, “ಯಾಕೋ ಮೈ ಜಡ ಆಗೈತಿ ಅಕ್ಕಾ” ಅಂದಳು. ನಾನು ಹಣೆ ಮುಟ್ಟಿದೆ. ಬಿಸಿ ಇತ್ತು. ಒಲೆಯ ಬಿಸಿಯೋ ಮೈಯ ಬಿಸಿಯೋ, ಅವಳ ಹಣೆಯದೋ ನನ್ನ ಅಂಗೈಯದೋ, ಎರಡನೆಯ ಸಲ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಲಿಲ್ಲ. ಒಳಗೆ ಕಸ್ತೂರಿ ಮಲಗಿದ್ದಳು. ಅರ್ಧ ತಾಸಿನಲ್ಲಿ ತಂಗಿಯ ಎರಡು ಸೀರೆ ಗಂಟು ಕಟ್ಟಿ ಅವಳ ಕೈಗೆ ಕೊಟ್ಟೆ. ಅವಳು ಅಳಲಿಲ್ಲ, ಮುರಿದ ರೊಟ್ಟಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು ಹೊರಟಳು. ಕಸ್ತೂರಿ ಎದ್ದ ಮೇಲೆ, “ಚಿಗವ್ವ ತಾನಾಗಿ ಹೋದಳು, ನಿನಗ ತಾಗಬಾರದಂತ” ಅಂದೆ. ಅದು ಸುಳ್ಳು.

ಈ ಮಧ್ಯೆ ಊರಿನಲ್ಲಿ ಬೇರೆ ಏನೋ ಕೆಟ್ಟಿತ್ತು. ಹೊಸದಾಗಿ ಬಂದ ಉಪ್ಪು ಹುಲಿಗೆವ್ವ ‘ಬಂತು’ ಅಂದ ಮೇಲೂ ಸಪ್ಪೆಯಾಗಿಯೇ ಇತ್ತು. ಉರಿಯಿಂದ ನಾಲಿಗೆ ಸತ್ತಿದೆ ಅಂದುಕೊಂಡೆವು. ಆಮೇಲೆ ಕಡ್ಡಿಪೆಟ್ಟಿಗೆ ಬಂದವು, ಮನೆಗೊಂದು. ಯಾವುದೂ ಹತ್ತಲಿಲ್ಲ. ಥಂಡಿ ಹಿಡಿದಿದೆ ಅಂದೆವು, ಅದು ಬಿರುಬೇಸಿಗೆ. ಒಬ್ಬರ ಒಲೆಯ ಕೆಂಡ ಇನ್ನೊಬ್ಬರಿಗೆ ಕೊಟ್ಟು ದಿನ ದೂಡಿದೆವು. ಅದಾಗಿ ಎರಡು ದಿನಕ್ಕೆ ಭಟ್ಟಿಮನೆಯ ಹೊಗೆ ನಿಂತಿತು. ದಿನಾ ಬೆಳಿಗ್ಗೆ ಜನ ಮೊದಲು ನೋಡುತ್ತಿದ್ದದ್ದು ಆ ಹೊಗೆಯನ್ನು. ಒಂದು ದಿನ ಏಳಲಿಲ್ಲ, ಮರುದಿನವೂ ಏಳಲಿಲ್ಲ. “ಮುಗೀತು” ಅಂದ ಅಡಿವೆಪ್ಪಜ್ಜ. ಅಂಬಲಿಯ ಕೊಡ ಇಡುವುದನ್ನು ನಿಲ್ಲಿಸಿದೆವು. ನಾನು ಮನೆಗೆ ಬಂದು ಸಾವಂತ್ರಿಯ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡೆ.

ಲಸಿಕೆಯ ಕಥೆ ಬೇರೆಯೇ. ಡಾಕ್ಟರು ಬಂದ ಮೂರನೆಯ ದಿನವೇ ಅದಕ್ಕಾಗಿ ಬರೆದರು. ಅರ್ಜಿಯಲ್ಲಿ ಊರಿನ ಹೆಸರು ಅಂತ ಒಂದು ಜಾಗ. ನಮ್ಮ ಊರಿಗೆ ಹೆಸರಿಲ್ಲ, ನಾವು ಊರು ಅಂತಲೇ ಅನ್ನುತ್ತೇವೆ, ಬೇರೆ ಹೆಸರು ಬೇಕಾಗಿರಲೂ ಇಲ್ಲ. ಡಾಕ್ಟರು ‘ಹಳ್ಳದ ದಂಡೆಯ ಊರು’ ಅಂತ ಬರೆದರು. ಪೆಟ್ಟಿಗೆ ಇನ್ನೊಂದು ಹಳ್ಳದ ದಂಡೆಯ ಇನ್ನೊಂದು ಊರಿಗೆ ಹೋಗಿ, ಯಾರದೋ ಕಟ್ಟೆಯ ಮೇಲೆ ನಾಲ್ಕು ದಿನ ಬಿಸಿಲಿಗೆ ಬೆಂದಿತು. ಎರಡನೆಯ ಸಲ ಬರೆದಾಗ, ಉರಿ ದಾಖಲಾದ ಊರುಗಳಿಗೆ ಮಾತ್ರ ಲಸಿಕೆ ಅಂತ ಉತ್ತರ ಬಂತು. ದಾಖಲು ಮಾಡಿಸಲು ಹೋದರೆ ಹೆಸರಿಲ್ಲದ ಊರಿನಲ್ಲಿ ರೋಗ ಹೇಗೆ ದಾಖಲಿಸುವುದು ಅಂದರು. ಡಾಕ್ಟರು ಮೂರನೆಯ ಸಲ ತಾವೇ ಹೋಗಿ ಆಫೀಸಿನ ಬಾಗಿಲಲ್ಲಿ ಎರಡು ದಿನ ಕೂತು, ಮಂಜುಗಡ್ಡೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಅಷ್ಟರಲ್ಲಿ ನಲವತ್ತೊಂದು ದಿನ ಆಗಿತ್ತು. ಮೊದಲ ಪೆಟ್ಟಿಗೆಯೇ ಬಂದಿದ್ದರೆ ಅನ್ನುವುದನ್ನು ನಾನು ಯೋಚಿಸುವುದಿಲ್ಲ.

ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಸೀಸೆ, ಒಂದೊಂದರಲ್ಲಿ ಹತ್ತು ಜನಕ್ಕಾಗುವಷ್ಟು. ಸಾಲಿನಲ್ಲಿ ಉಳಿದವರು ಇನ್ನೂರ ಹನ್ನೆರಡು. ತೆರೆದ ಸೀಸೆ ಸಂಜೆಯವರೆಗೆ ಮಾತ್ರ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಿಂದೆ ಇಲ್ಲೊಂದು ದವಾಖಾನೆ ಇದ್ದಾಗ ನಾನು ಹತ್ತು ವರ್ಷ ಆಯಾ ಆಗಿದ್ದವಳು, ಸೂಜಿ ಹಿಡಿಯುವುದು ಗೊತ್ತು. ಬೆಳಗಿನಿಂದ ಇಬ್ಬರೂ ಚುಚ್ಚಿದೆವು. ಚುಚ್ಚಿದಾಗ ಯಾರಿಗೂ ನೋವಾಗಲಿಲ್ಲ, ಆಗುವುದೂ ಇಲ್ಲ. ಹಿಂದಿನ ಕಾಲದಲ್ಲಿ ಸಿಡುಬಿಗೆ ಮೈಲಿ ಹಾಕಿದಾಗಲೂ ಹಾಗೇ ಅಂತೆ, ಕೊನೆಯವರು ‘ಬಂತು’ ಅಂದಾಗ ಊರಿಗೆಲ್ಲ ನೋವು ಒಟ್ಟಿಗೆ ಬರುತ್ತದೆ. ನೋವು ಬಂದರೆ ಔಷಧಿ ಹಿಡಿದ ಲೆಕ್ಕ. “ನೀವು ತೋಳಿಗೆ ಹಾಕಿಸ್ಕೊಂಡ ಮೇಲೆ ಯಾರು ಏನಂದರೇನು?” ಅಂತ ಡಾಕ್ಟರು ಮೊದಲು ನಕ್ಕಿದ್ದರು. ನಾನು ಅವರಿಗೆ ಹೊಸ ಉಪ್ಪು ಹಾಕಿದ ಉಪ್ಪಿಟ್ಟು ಕೊಟ್ಟೆ. ಎರಡು ತುತ್ತು ತಿಂದು ತಟ್ಟೆ ನೋಡುತ್ತಾ ಕೂತರು, ಆಮೇಲೆ ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹುಲಿಗೆವ್ವನ ಮನೆ ಮುಟ್ಟಿದೆವು. ಇಪ್ಪತ್ತೆರಡನೆಯ ಸೀಸೆ ತೆರೆದು ಒಂದನ್ನು ಅವಳ ಗಂಡನಿಗೆ ಕೊಟ್ಟಾಗಿತ್ತು, ಎರಡನೆಯದು ಅವಳಿಗೆ. ಸೀಸೆಯಲ್ಲಿ ಎಂಟು ಉಳಿದವು, ಒಂದು ನನ್ನದು, ಏಳು ಹೆಚ್ಚಿನವು. ಬೀದಿಯ ಉದ್ದಕ್ಕೂ ಜನ ಎಡತೋಳು ಹಿಡಿದು ನಿಂತಿದ್ದರು. ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಅವುಗಳ ತೋಳಿಗೆ ಕೈ ಇಟ್ಟಿದ್ದರು. ನೋವಿಗೆ ಅಷ್ಟು ಜನ ಕಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕಸ್ತೂರಿ ಹೊಟ್ಟೆಯ ಮೇಲೊಂದು ಕೈ, ತೋಳಿನ ಮೇಲೊಂದು ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಹುಲಿಗೆವ್ವ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ, ಬೀದಿಯ ಆ ತುದಿಗೂ ಕೇಳುವಂತೆ, “ಬಂತು” ಅಂದಳು.

ಏನೂ ಆಗಲಿಲ್ಲ. ಜನ ತೋಳು ಹಿಡಿದುಕೊಂಡೇ ನಿಂತರು. ಒಬ್ಬಳು ಕೂಸಿನ ತೋಳನ್ನು ಹಿಸುಕಿ ನೋಡಿದಳು, ಕೂಸು ನಕ್ಕಿತು.

ಆಮೇಲೆ ಗದ್ದಲ. ಯಾರೋ ಹಾಕಿಸಿಕೊಳ್ಳದೆ ಅಡಗಿದ್ದಾರೆ ಅಂದರು. ಮನೆಮನೆ ಹೊಕ್ಕು ಅಟ್ಟ, ನೆಲದೊಳಗಿನ ಕಾಳಿನ ಹಗೇವು ಎಲ್ಲ ನೋಡಿದರು. ನಾನು ಪುಸ್ತಕ ಹಿಡಿದು ಮೊದಲಿನಿಂದ ಕೂಗಿದೆ, ಎಲ್ಲರೂ ಇದ್ದರು. ಅಡಿವೆಪ್ಪಜ್ಜ ಹುಲಿಗೆವ್ವನ ಮುಂದೆ ಕೋಲು ಊರಿ ನಿಂತ. “ನೀ ಮನಸಿನಿಂದ ಅನ್ನಲಿಲ್ಲ. ಊರ ಮ್ಯಾಲಿನ ಸಿಟ್ಟು ಇದರಾಗ ತೀರಸ್ಕೋತೀ ಏನು?” ಗಂಡಸರು ನಾಲ್ಕೈದು ಜನ ಅವಳ ಹತ್ತಿರಕ್ಕೆ ಸರಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು, ಅದಕ್ಕೇ ನನಗೆ ಭಯವಾಯಿತು.

ಹುಲಿಗೆವ್ವ ಹಿಂದೆ ಸರಿಯಲಿಲ್ಲ. “ನನಗ ಬಂದೈತಿ ಯಜ್ಜಾ, ಅದಕ್ಕ ಬಂತು ಅಂದೆ. ಉಪ್ಪಿಗೂ ಅಂದೆ, ಕಡ್ಡಿಪೆಟಗಿಗೂ ಅಂದೆ. ಉಪ್ಪು ಯಾವಾಗಿಂದ ಸಪ್ಪಗ ಆತು, ಲೆಕ್ಕ ಹಾಕ್ರಿ. ಮೊದಲನೆಯವರನ್ನ ಹಳ್ಳ ದಾಟಿಸಿದ ಮ್ಯಾಲೆ. ಕೊನಿ ಎಲಿ ಈಗ ನಂದಲ್ಲ. ಅದನ್ನ ನೀವ ಹೊತ್ತು ಆಚಿಗಿ ಇಟ್ಟು ಬಂದೀರಿ.”

“ಅಲ್ಲಿ ಯಾರದಾರ? ಹೊಗಿ ನಿಂತು ಎಂಟು ದಿನ ಆತು” ಅಂದ ಅಡಿವೆಪ್ಪಜ್ಜ.

“ನಮ್ಮ ಮನ್ಯಾಗಿನ ಕಡ್ಡೀನೂ ಹತ್ತವಲ್ಲವು. ಅವರಿಗಂತೂ ಕಡ್ಡೀನ ಕೊಟ್ಟಿಲ್ಲ, ಆರಿದ ಒಲಿ ಹೆಂಗ ಹತ್ತತೈತಿ?”

ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಹೋಯಿತು, ನಾನು ಮುಖ ನೋಡಿ ಹೇಳಬಲ್ಲೆ. ಅವರಿಗೆ ಬೆಂಕಿ ಇರಲಿಲ್ಲ. ಅವರು ಇದ್ದರು. ನಾವು ಏಳು ದಿನ ಅಂಬಲಿ ಇಟ್ಟಿರಲಿಲ್ಲ. ಮುಂದಿನ ಯೋಚನೆಯೂ ಎಲ್ಲರಿಗೂ ಒಟ್ಟಿಗೇ ಬಂತು. ಸತ್ತವರನ್ನು ಸಾಲು ಕಾಯುವುದಿಲ್ಲ. ಏಳು ದಿನ ಉಪವಾಸ ಇದ್ದವರು ಇನ್ನೆಷ್ಟು ದಿನ? ಯಾರೋ ಹಿಂದಿನಿಂದ, “ಇನ್ನೊಂದೆರಡು ದಿನ ತಡದು ನೋಡಿದ್ರ...” ಅಂದು ಅರ್ಧಕ್ಕೇ ನಿಲ್ಲಿಸಿದರು. ಯಾರೂ ಅವರನ್ನು ಬೈಯಲಿಲ್ಲ. ನಾನು ಹೇಳಿಬಿಡುತ್ತೇನೆ, ಅದೇ ಮಾತು ನನ್ನ ಮನಸ್ಸಿಗೂ ಬಂದಿತ್ತು. ಕಸ್ತೂರಿಯ ಹೊಟ್ಟೆ ನೋಡುತ್ತಾ ಬಂದಿತ್ತು.

ಅಡಿವೆಪ್ಪಜ್ಜ ಕೋಲು ಎತ್ತಿ ಹಳ್ಳದ ಕಡೆ ತೋರಿಸಿದ. “ತಡಿಯೂದು ಬ್ಯಾಡ, ಪಾಪ ಬರತೈತಿ. ಸಾಲಿನಕ್ಕ, ನೀ ಹಳ್ಳದ ಕಲ್ಲಿನ ಮ್ಯಾಲೆ ನಿಂತು ಕೂಗು. ಅವರ ಕಡಿಂದ ಸಾಕು ಅನಸು. ಒಂದ ಮಾತು. ಅಂಬಲಿ ಮತ್ತ ಸುರು ಮಾಡೂನಂತ ಹೇಳು. ಉಳಿದ ಔಷಧ ಹುಟ್ಟೂ ಕೂಸುಗಳಿಗೆ ಆಗತೈತಿ.”

“ತೆರೆದ ಸೀಸೆ ಹುಟ್ಟೋ ಕೂಸಿಗೆ ಉಳಿಯಲ್ಲ ಅಜ್ಜ,” ಡಾಕ್ಟರು ಅಂದರು. “ಸಂಜೆ ಆದರೆ ಚೆಲ್ಲೋದೇ. ನಾನು ಹೋಗ್ತೀನಿ ಆಚೆಗೆ.” ಅವರು ಪೆಟ್ಟಿಗೆಗೆ ಕೈ ಹಾಕಿದರು.

ನಾನು ತಡೆದೆ. ಆ ಅರ್ಜಿಯನ್ನು ಹೇಗೆ ಬರೆಯಬೇಕು, ಯಾವ ಬಾಗಿಲಲ್ಲಿ ಕೂತರೆ ಪೆಟ್ಟಿಗೆ ಕೊಡುತ್ತಾರೆ ಅನ್ನುವುದು ಅವರೊಬ್ಬರಿಗೇ ಗೊತ್ತು. ಹಳ್ಳ ದಾಟಿದವರನ್ನು ಈ ಜನ ವಾಪಸು ಬಿಡುವುದಿಲ್ಲ. “ನೀವು ಹೋದ್ರ ಇನ್ನೊಂದು ಪೆಟಗಿ ಯಾರು ತರ್ತಾರ್ರಿ? ಬಡಿಸೂದು ನನ್ನ ಕೆಲಸ” ಅಂದೆ. ಧೈರ್ಯದ ಮಾತಿನಂತೆ ಕೇಳಿಸಿರಬೇಕು. ಆಡಿದ ಮೇಲೆ ಹಳ್ಳದ ಕಡೆ ನೋಡಲು ನನಗೆ ಆಗಲಿಲ್ಲ.

ಕಸ್ತೂರಿ ಹತ್ತಿರ ಬಂದು ನನ್ನ ಸೆರಗು ಹಿಡಿದಳು. “ಚಿಗವ್ವ ಇದ್ದಾಳೇನವ್ವಾ?”

“ಗೊತ್ತಿಲ್ಲ.”

“ಅಕಿ ತಾನಾಗಿ ಹೋದಳು ಅಂದಿದ್ದಿ. ಹೋಗೂವಾಗ ಸಾಕು ಅಂದಳೇನು?”

ಇಡೀ ಊರು ಕೇಳುತ್ತಿತ್ತು. “ಅನ್ನಲಿಲ್ಲ. ನಾನ ಕೇಳಲಿಲ್ಲ. ನಾನ ಕಳಿಸಿದೆ” ಅಂದೆ. ಅವಳು ಸೆರಗು ಬಿಟ್ಟಳು.

ಸೀಸೆಯನ್ನು ಮಂಜುಗಡ್ಡೆಯ ಚೂರಿನ ಜೊತೆ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡೆ. ಎಂಟು ಸೂಜಿ, ಒಂದು ಕಡ್ಡಿಪೆಟ್ಟಿಗೆ, ಒಂದು ಪೊಟ್ಟಣ ಉಪ್ಪು, ಒಂದು ಕೊಡ ಅಂಬಲಿ, ಸಾಲಿನ ಪುಸ್ತಕ. ಹಳ್ಳದಲ್ಲಿ ನೀರು ಮೊಣಕಾಲಿನಷ್ಟು. ಮೂವತ್ತೇಳು ಹೆಜ್ಜೆ, ಎಣಿಸಿದೆ. ಪ್ರತಿ ಹೆಜ್ಜೆಗೂ ಎರಡು ಹೆದರಿಕೆ ಒಟ್ಟಿಗೆ ಇದ್ದವು. ಎಲ್ಲರೂ ಸತ್ತಿದ್ದಾರೇನೋ ಅನ್ನುವುದೊಂದು. ಯಾರಾದರೂ ಬದುಕಿದ್ದು, ಎದ್ದು ಬಂದು ನನ್ನ ಮುಖ ನೋಡಿದರೆ ಅನ್ನುವುದು ಇನ್ನೊಂದು. ಯಾವುದು ದೊಡ್ಡದಿತ್ತು ಅಂತ ಈಗಲೂ ಹೇಳಲಾರೆ.

ಭಟ್ಟಿಮನೆಯ ಹಿಂದೆ ಸುಣ್ಣ ಚೆಲ್ಲಿದ ಹೊಸ ಮಣ್ಣಿನ ದಿಬ್ಬಗಳು ಸಾಲಾಗಿ ಇದ್ದವು. ಹತ್ತೊಂಬತ್ತು. ಬಾಗಿಲಲ್ಲಿ ಸಾವಂತ್ರಿ ಕೂತಿದ್ದಳು. ನೆನೆಸಿದ ಜೋಳವನ್ನು ಕಲ್ಲಿನಿಂದ ಜಜ್ಜುತ್ತಿದ್ದಳು. ಅಲ್ಲಿ ಹಳೆಯದೊಂದು ಚೀಲ ಜೋಳ ಇತ್ತಂತೆ, ಕೊಡ ನಿಂತ ಮೇಲೆ ಊರು ತಮ್ಮನ್ನು ಬಿಟ್ಟಿತೆಂದು ದಂಡೆಗೂ ಬರದೆ, ಅದನ್ನೇ ಹಸಿಯಾಗಿ ತಿಂದುಕೊಂಡು ಉಳಿದಿದ್ದರು. ಕೆನ್ನೆ ಒಳಹೋಗಿ ಹಲ್ಲು ದೊಡ್ಡದಾಗಿ ಕಾಣುತ್ತಿದ್ದವು. ನನ್ನನ್ನು ನೋಡಿ ಕಲ್ಲು ಕೆಳಗಿಟ್ಟಳು.

“ನಿನಗೂ ಬಂತೇನು?” ಅಂದಳು. ಉರಿಯನ್ನು ಕೇಳುತ್ತಿದ್ದಳು.

“ಇಲ್ಲ. ಬಡಸಾಕ ಬಂದೀನಿ.”

ಒಳಗೆ ಇನ್ನೂ ಏಳು ಜನ ಇದ್ದರು. ಉರಿ ಪೂರಾ ಇಳಿದವರು ಇಬ್ಬರು, ಉಳಿದ ಐವರ ಮೈ ಇನ್ನೂ ಬೆಚ್ಚಗಿತ್ತು, ಒಬ್ಬರಿಗೊಬ್ಬರು ನೀರು ಕುಡಿಸಿಕೊಂಡು ಬದುಕಿದ್ದರು. ಸಾವಂತ್ರಿಗೆ ಉರಿ ಬಂದೇ ಇರಲಿಲ್ಲ. ಹನ್ನೆರಡು ದಿನ ಅವರ ನಡುವೆ ಕೂತು, ಸತ್ತವರನ್ನು ಮಣ್ಣು ಮಾಡಿ, ಪ್ರತಿ ಬೆಳಿಗ್ಗೆ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಿದ್ದಳು. ನಾನು ಅಂಬಲಿ ಹಂಚಿದೆ, ಆಮೇಲೆ ಉಪ್ಪು ಮತ್ತು ಕಡ್ಡಿಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಅಭ್ಯಾಸದಂತೆ “ಬಂತು” ಅಂದು ಕಡ್ಡಿ ಗೀರಿದಳು. ಹತ್ತಿತು. ಎಂಟು ಜನವೂ ಆ ಉರಿಯುವ ಕಡ್ಡಿಯನ್ನು ನೋಡಿದರು. ಅಂಬಲಿ ಕುಡಿಯುತ್ತಿದ್ದ ಮುದುಕ, “ಉಪ್ಪು ಹಾಕ್ರಿ ಇದಕ್ಕ” ಅಂದ. ಸಾವಂತ್ರಿ ಮೂಲೆಯ ಒಲೆಗೆ ಕಡ್ಡಿ ತಾಗಿಸಿದಳು, ಹೊಗೆ ತಗಡಿನ ಸಂದಿಯಿಂದ ಹೊರಗೆ ಹೋಯಿತು. ಹಳ್ಳದ ಆಚೆ ಯಾರೋ ಕೂಗಿದ್ದು ಕೇಳಿಸಿತು.

ಹೊತ್ತು ಇಳಿಯುತ್ತಿತ್ತು. ಡಬ್ಬಿಯಲ್ಲಿ ಮಂಜುಗಡ್ಡೆ ನೀರಾಗಿತ್ತು. ನಾನು ಒಬ್ಬೊಬ್ಬರಿಗೇ ಚುಚ್ಚುತ್ತಾ ಬಂದೆ. ಒಬ್ಬೊಬ್ಬರೂ “ಬಂತು” ಅಂದರು. ಏಳಾಯಿತು. ಸಾವಂತ್ರಿಯ ತೋಳು ಹಿಡಿದೆ, ಬಳೆ ನಿಲ್ಲುವಷ್ಟೂ ದಪ್ಪ ಇರಲಿಲ್ಲ. ಅವಳು ಸೀಸೆಯನ್ನು ಬೆಳಕಿಗೆ ಎತ್ತಿ ನೋಡಿದಳು.

“ಒಂದ ಉಳದೈತಿ,” ಅಂದಳು. “ನೀ ಹಾಕ್ಕೊಂಡಿ ಏನಕ್ಕಾ?”

“ನಂದು ಆಮ್ಯಾಲೆ.”

“ಆಮ್ಯಾಲೆ ಅಂದ್ರ ಎಲ್ಲಿಂದ?”

ಅವಳು ತೋಳು ಬಿಡಿಸಿಕೊಂಡಳು. “ನನ್ನ ಹೆಸರ ಮ್ಯಾಲೆ ಗೆರಿ ಎಳದಿ ಅಲ್ಲ. ಹಳ್ಳ ದಾಟಿದ ಮ್ಯಾಲೆ ಎಳದಿ ಏನ, ದಾಟೂದಕ್ಕಿಂತ ಮೊದಲು?”

“ಮೊದಲು” ಅಂದೆ. “ನೀ ಇನ್ನೂ ಓಣ್ಯಾಗ ನಡಕೋತ ಹೊಂಟಿದ್ದಿ.”

ಅವಳು ತಲೆಯಾಡಿಸಿದಳು, ಅದು ತನಗೆ ಗೊತ್ತಿತ್ತು ಅನ್ನುವ ಹಾಗೆ. ಇನ್ನೂರ ಹನ್ನೆರಡು ಜನರ ತೋಳು, ನನ್ನ ಮಗಳ ತೋಳು, ಅವಳ ಬಾಯಿಯ ಒಂದು ಮಾತಿಗೆ ಕಾಯುತ್ತಿದ್ದವು, ಅವಳು ಒಲೆಯನ್ನು ನೋಡುತ್ತಿದ್ದಳು. ಆಮೇಲೆ ಅಂದಳು, “ಇಷ್ಟು ಮಂದಿ ನಡುವ ಹನ್ನೆರಡು ದಿನ ಇದ್ದೀನಿ, ನನಗ ಬರಲಿಲ್ಲ. ಇನ್ನ ಬರೂದಿಲ್ಲೇನೋ. ನೀ ಈಗ ಬಂದೀ. ಇದನ್ನ ನೀನ ಹಾಕ್ಕೋ. ನಾ ಸಾಕು ಅಂತೀನಿ, ಊರಿಗೂ ಆಗತೈತಿ, ನಿನಗೂ ಆಗತೈತಿ.”

ನನಗೆ ಬೇಕಾಗಿತ್ತು. ಇದನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಸೂಜಿ ನನ್ನ ಕೈಯಲ್ಲೇ ಇತ್ತು, ಪಕ್ಕದಲ್ಲಿ ಕೂತಿದ್ದವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬದುಕಬೇಕು, ಕಸ್ತೂರಿಯ ಕೂಸನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಸಾವಂತ್ರಿ ಒಲೆಗೆ ಅಡ್ಡ ಹಿಡಿದ ಕೈಯನ್ನು, ಎಲೆಯ ಮೇಲೆ ಹಿಡಿಯುವ ಹಾಗೆ, ನನ್ನ ಕಡೆ ಚಾಚಿ ಬಾಯಿ ತೆರೆದಳು. ಆಗ ನನಗೆ ಅವಳು ಮುಚ್ಚಿಟ್ಟು ಬಂದ ಮುರಿದ ರೊಟ್ಟಿ ನೆನಪಾಯಿತು. ಎಡಗೈಯಿಂದ ಅವಳ ಬಾಯಿ ಮುಚ್ಚಿದೆ.

“ಆ ಮಾತು ಆಡಬ್ಯಾಡ. ಒಮ್ಮೆ ನಿನ್ನ ಬದಲಿ ನಾನ ಆಡೀನಿ” ಅಂದು ಚುಚ್ಚಿಬಿಟ್ಟೆ.

ಸೀಸೆ ಖಾಲಿಯಾಯಿತು. ಅವಳು ತೋಳನ್ನು ನೋಡಿಕೊಂಡಳು, ನನ್ನ ಮುಖ ನೋಡಿದಳು. “ಕಸ್ತೂರಿಗೆ ದಿನ ತುಂಬ್ಯಾವೇನು?” ಅಂದಳು.

“ಇನ್ನ ಮೂರು ವಾರ.”

“ಬಂತು” ಅಂದಳು ಸಾವಂತ್ರಿ. ಗಟ್ಟಿಯಾಗಿ ಅನ್ನಲಿಲ್ಲ, ಮನೆಯಲ್ಲಿ ತಟ್ಟೆಗೆ ರೊಟ್ಟಿ ಹಾಕಿದರೆ ಅನ್ನುವಷ್ಟೇ.

ಒಳಗಿದ್ದ ಎಂಟು ಜನವೂ ಒಟ್ಟಿಗೆ “ಅಯ್ಯೋ” ಅಂದು ತೋಳು ಹಿಡಿದುಕೊಂಡರು. ಅದೇ ಗಳಿಗೆಗೆ ಹಳ್ಳದ ಆಚೆಯಿಂದ ಇಡೀ ಊರು ನೋವಿಗೆ ಕೂಗಿದ್ದು ಕೇಳಿತು. ಕೂಸುಗಳೆಲ್ಲ ಒಮ್ಮೆಲೇ ಅತ್ತವು, ನಾಯಿಗಳು ಬೊಗಳಿದವು, ಆಮೇಲೆ ಅಳುವಿನ ನಡುವೆಯೇ ನಗು ಶುರುವಾಯಿತು. ನಾನು ಅದರಲ್ಲಿ ಕಸ್ತೂರಿಯ ದನಿ ಹುಡುಕಿದೆ. ಸಿಕ್ಕಿತು ಅಂದುಕೊಂಡಿದ್ದೇನೆ. ನನ್ನ ಎಡತೋಳನ್ನು ಹಿಡಿದುಕೊಂಡು ನಾನೂ ಕಾದೆ. ಅದು ನೋಯಲಿಲ್ಲ.

ಪುಸ್ತಕ ತೆಗೆದು ಎಂಟು ಹೆಸರುಗಳನ್ನು ಮತ್ತೆ ಬರೆದೆ. ಎದ್ದು ಹೋಗಲು ನನಗೆ ಊರಿರಲಿಲ್ಲ, ಹಳ್ಳ ದಾಟಿದ್ದೆ. ಸಾವಂತ್ರಿ ತನ್ನ ಚಾಪೆಯನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

ಇವತ್ತಿಗೆ ಐದನೆಯ ದಿನ. ಆಮೇಲೆ ಊರಿನಲ್ಲಿ ಯಾರಿಗೂ ಉರಿ ಬಂದಿಲ್ಲ. ಕಲ್ಲಿನ ಮೇಲೆ ಅಂಬಲಿ ಬರುತ್ತದೆ, ಉಪ್ಪು ರುಚಿಯಾಗಿದೆ. ದಿನಾ ಬೆಳಿಗ್ಗೆ ಕಸ್ತೂರಿ ಆಚೆಯ ದಂಡೆಗೆ ಬಂದು ನಿಂತು, “ಅವ್ವಾ, ಅದೀ ಏನು?” ಅಂತ ಕೂಗುತ್ತಾಳೆ. “ಅದೀನಿ” ಅನ್ನುತ್ತೇನೆ. ಡಾಕ್ಟರು ಇನ್ನೊಂದು ಪೆಟ್ಟಿಗೆಗಾಗಿ ಹೋಗಿದ್ದಾರೆ. ಊರಿನ ಹೆಸರಿನ ಜಾಗದಲ್ಲಿ ಈ ಸಲ ಏನು ಬರೆದರೋ ಗೊತ್ತಿಲ್ಲ.

ಇಂದು ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದಾಗ ಮೈ ಜಡ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಆದರೂ ಸಾವಂತ್ರಿ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಎದ್ದು ಬಂದು ನನ್ನ ಹಣೆ ಮುಟ್ಟಿದಳು. ಅವಳ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

“ನನ್ನ ಕೈ ಬಿಸಿ ಐತಿ, ಒಲಿ ಮುಂದ ಇದ್ದೆ,” ಅಂದಳು. “ತಡಿ ಅಕ್ಕಾ, ತಣ್ಣೀರಾಗ ಕೈ ತೊಳಕೊಂಡು ಬರ್ತೀನಿ. ಇನ್ನೊಮ್ಮೆ ನೋಡೂನು.”

ಅವಳು ಹಳ್ಳಕ್ಕೆ ಹೋಗಿದ್ದಾಳೆ. ನಾನು ಪೆನ್ನು ಹಿಡಿದುಕೊಂಡೇ ಆ ಎರಡನೆಯ ಮುಟ್ಟುವಿಕೆಗೆ ಕಾಯುತ್ತಿದ್ದೇನೆ.